ಲ್ಯಾಂಡ್‌ಸ್ಯಾಟ್ 8 ಕೈಗೆ ಬರಲು ಹಿಡಿದ ಹತ್ತು ವರ್ಷ

2003ರ ಮೇ 31ರಂದು, ಭೂಮಿಯ ಚಿತ್ರ ತೆಗೆಯುವ ಅಮೆರಿಕದ ಲ್ಯಾಂಡ್‌ಸ್ಯಾಟ್ 7 ಉಪಗ್ರಹದೊಳಗಿದ್ದ ಒಂದು ಜೋಡಿ ಸಣ್ಣ ಕನ್ನಡಿಗಳು ಕೆಲಸ ನಿಲ್ಲಿಸಿದವು. ಆ ಉಪಗ್ರಹದ ಮುಖ್ಯ ಕನ್ನಡಿ ನೆಲದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತ, 185 ಕಿಲೋಮೀಟರ್ ಅಗಲದ ಪಟ್ಟಿಯನ್ನು ಸಾಲು ಸಾಲಾಗಿ ಹಿಡಿಯುತ್ತಿತ್ತು. ಕನ್ನಡಿ ಅತ್ತಿಂದಿತ್ತ ಹೋಗುವಷ್ಟರಲ್ಲಿ ಉಪಗ್ರಹವೂ ಮುಂದಕ್ಕೆ ಸರಿದಿರುವುದರಿಂದ ಸಾಲುಗಳು ಓರೆಯಾಗುತ್ತವೆ. ನೇಗಿಲು ಹೊಡೆಯುವವನು ಸಾಲಿನ ಕೊನೆಯಲ್ಲಿ ತಿರುಗಿ ಪಕ್ಕದ ಸಾಲನ್ನು ನೇರವಾಗಿ ಹಿಡಿಯುವಂತೆ, ಆ ಓರೆಯನ್ನು ತಿದ್ದಿ ಸಾಲುಗಳನ್ನು ಸಮಾನಾಂತರವಾಗಿ ಇಡುವುದು ಸಣ್ಣ ಕನ್ನಡಿಗಳ ಕೆಲಸವಾಗಿತ್ತು. ಅವು ನಿಂತ ಮೇಲೆ ಚಿತ್ರದ ನಟ್ಟನಡುವೆ ಸುಮಾರು 22 ಕಿಲೋಮೀಟರ್ ಅಗಲದ ಭಾಗ ಮಾತ್ರ ಸರಿಯಾಗಿ ಉಳಿಯಿತು. ಅಲ್ಲಿಂದ ಎರಡೂ ಅಂಚುಗಳ ಕಡೆಗೆ ಹೋದಂತೆ ಕಪ್ಪು ಪಟ್ಟಿಗಳು ಅಗಲವಾಗುತ್ತ ಹೋದವು. ಪ್ರತಿ ಚಿತ್ರದಲ್ಲಿ ನೂರಕ್ಕೆ ಇಪ್ಪತ್ತೆರಡರಷ್ಟು ನೆಲ ಕಾಣೆಯಾಯಿತು.

ಇದರ ಅರ್ಥವೇನೆಂಬುದು ನಮ್ಮ ಕಡೆಯ ಕೆರೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ ಚೆನ್ನಾಗಿ ತಿಳಿಯುತ್ತದೆ. ನಲವತ್ತು ಎಕರೆಯ ಕೆರೆ ಎಂದರೆ ಸುಮಾರು ನಾನೂರು ಮೀಟರ್ ಉದ್ದ, ನಾನೂರು ಮೀಟರ್ ಅಗಲದ ನೀರು. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ ಮೂವತ್ತು ಮೀಟರ್ ಆದ್ದರಿಂದ ಆ ಕೆರೆ ಚಿತ್ರದಲ್ಲಿ ಹದಿಮೂರು ಪಿಕ್ಸೆಲ್ ಉದ್ದ, ಹದಿಮೂರು ಪಿಕ್ಸೆಲ್ ಅಗಲವಿರುತ್ತದೆ. ಒಟ್ಟು ನೂರೆಂಬತ್ತರ ಆಸುಪಾಸು ಪಿಕ್ಸೆಲ್. ನೀರು ಎಷ್ಟು ಹಿಂದೆ ಸರಿದಿದೆ, ಹೂಳು ಎಲ್ಲಿ ತುಂಬಿದೆ, ಒತ್ತುವರಿ ಯಾವ ದಿಕ್ಕಿನಿಂದ ಬಂದಿದೆ ಎಂದು ವರ್ಷದಿಂದ ವರ್ಷಕ್ಕೆ ಹೋಲಿಸಲು ಅಷ್ಟು ಸಾಕು. ಆದರೆ ಲ್ಯಾಂಡ್‌ಸ್ಯಾಟ್ 7ರ ಚಿತ್ರದ ಅಂಚಿನಲ್ಲಿ ಕಪ್ಪು ಪಟ್ಟಿಯ ಅಗಲವೇ ಸುಮಾರು ನಾನೂರು ಮೀಟರ್. ಕೆರೆ ಆ ಪಟ್ಟಿಯೊಳಗೆ ಬಿದ್ದರೆ ಆ ದಿನದ ಮಟ್ಟಿಗೆ ಅದು ಪೂರ್ತಿಯಾಗಿ ಇಲ್ಲವಾಗುತ್ತದೆ. ಹದಿನಾರು ದಿನ ಬಿಟ್ಟು ಉಪಗ್ರಹ ಮತ್ತೆ ಬಂದಾಗ ಪಟ್ಟಿ ಸ್ವಲ್ಪ ಆಚೀಚೆ ಸರಿದಿರಬಹುದು, ಆದರೆ ಮಳೆಗಾಲದಲ್ಲಿ ಆಗ ಮೋಡವಿರುತ್ತದೆ. ಹಳೆಯ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಕೆಲಸ ಮಾಡುವ ನನ್ನಂಥವರಿಗೆ 2003ರಿಂದ 2013ರವರೆಗಿನ ವರ್ಷಗಳು ಎಂದೂ ಸಮಾಧಾನ ಕೊಡುವುದಿಲ್ಲ.

ಯಂತ್ರ ಕೆಡುವುದು ಸಹಜ. ಲ್ಯಾಂಡ್‌ಸ್ಯಾಟ್ 7 ಹಾರಿದ್ದು 1999ರ ಏಪ್ರಿಲ್ 15ರಂದು, ಐದು ವರ್ಷದ ಆಯುಷ್ಯಕ್ಕೆಂದು ಕಟ್ಟಿದ್ದು. ನಾಲ್ಕು ವರ್ಷ ಮುಗಿದ ಮೇಲೆ ಅದರ ಒಂದು ಭಾಗ ಸೋತಿತು. ನನಗೆ ಅಸಹಜವಾಗಿ ಕಾಣುವುದು ಬೇರೆ ಸಂಗತಿ. ಆ ದಿನ ಅದರ ಉತ್ತರಾಧಿಕಾರಿ ಯಾವ ಕಾರ್ಖಾನೆಯಲ್ಲೂ ತಯಾರಾಗುತ್ತಿರಲಿಲ್ಲ. ಅದಕ್ಕೊಂದು ಗುತ್ತಿಗೆ ಇರಲಿಲ್ಲ, ಅದು ಉಪಗ್ರಹವೇ ಆಗಿರಬೇಕೆಂಬ ತೀರ್ಮಾನ ಕೂಡ ಆಗಿರಲಿಲ್ಲ. ಮುಂದೆ ಲ್ಯಾಂಡ್‌ಸ್ಯಾಟ್ 8 ಎಂದು ಹೆಸರಾದ ಉಪಗ್ರಹದ ಮುಖ್ಯ ಕ್ಯಾಮೆರಾಗೆ ಗುತ್ತಿಗೆ ಸಿಕ್ಕಿದ್ದು 2007ರ ಜುಲೈನಲ್ಲಿ, ಅದು ಹಾರಿದ್ದು 2013ರ ಫೆಬ್ರವರಿಯಲ್ಲಿ. ಅಂದರೆ ಬೇಡಿಕೆ ಇಟ್ಟಂದಿನಿಂದ ಉಡಾವಣೆಯವರೆಗೆ ಐದೂವರೆ ವರ್ಷ. ಐದು ವರ್ಷ ಬಾಳುವ ಉಪಗ್ರಹಕ್ಕೆ ಬದಲಿಯನ್ನು ತಯಾರಿಸಲು ಐದೂವರೆ ವರ್ಷ ಬೇಕೆಂದರೆ, ಒಂದು ಹಾರುವ ಹೊತ್ತಿಗೆ ಮುಂದಿನದರ ಆದೇಶ ಸಹಿಯಾಗಿರಲೇಬೇಕು. ಈ ಸರಳ ಲೆಕ್ಕವನ್ನು ಮೂವತ್ತು ವರ್ಷದ ಅನುಭವವಿದ್ದ ಒಂದು ಕಾರ್ಯಕ್ರಮ ಪಾಲಿಸಲಾಗಲಿಲ್ಲ ಏಕೆ ಎಂಬುದನ್ನು ವಿವರವಾಗಿ ನೋಡುವುದು ಅಗತ್ಯವೆಂದು ನನಗೆ ಅನಿಸುತ್ತದೆ, ಏಕೆಂದರೆ ಭೂಮಿಯನ್ನು ನೋಡುವ ಉಪಗ್ರಹಗಳ ವಿಷಯದಲ್ಲಿ ನಾವು ಕ್ಯಾಮೆರಾದ ಬಗ್ಗೆ, ರಾಕೆಟ್ಟಿನ ಬಗ್ಗೆ ಮಾತಾಡುತ್ತೇವೆಯೇ ಹೊರತು ಅದನ್ನು ಕೊಳ್ಳುವ ತೀರ್ಮಾನದ ಬಗ್ಗೆ ಮಾತಾಡುವುದೇ ಇಲ್ಲ.

ಮೊದಲ ಲ್ಯಾಂಡ್‌ಸ್ಯಾಟ್ 1972ರ ಜುಲೈ 23ರಂದು ಹಾರಿತು. ಅದರ ನಂತರದ ಹನ್ನೆರಡು ವರ್ಷಗಳಲ್ಲಿ ಇನ್ನೂ ನಾಲ್ಕು ಹಾರಿದವು, 1984ರ ಮಾರ್ಚ್‌ನಲ್ಲಿ ಹೋದ ಐದನೆಯದು ಕೊನೆಯದು. ಅದೇ ವರ್ಷ ಅಮೆರಿಕದ ಸಂಸತ್ತು ಈ ಉಪಗ್ರಹಗಳನ್ನು ಖಾಸಗಿಗೆ ವಹಿಸುವ ಕಾನೂನು ಮಾಡಿತು, ಮರುವರ್ಷ ಇಯೋಸ್ಯಾಟ್ ಎಂಬ ಕಂಪನಿ ಅವನ್ನು ವಹಿಸಿಕೊಂಡಿತು. ಒಂದು ಚಿತ್ರದ ಬೆಲೆ 4,000 ಡಾಲರ್ ಮೀರಿತು. ಬೆಲೆಗಿಂತ ದೊಡ್ಡ ನಷ್ಟ ಇನ್ನೊಂದಿತ್ತು: ಕೊಳ್ಳುವವರಿಲ್ಲದ ಪ್ರದೇಶಗಳ ಚಿತ್ರ ತೆಗೆಯುವುದು ಕಡಿಮೆಯಾಯಿತು. ಇಂದು ಆಫ್ರಿಕಾದ ಅಥವಾ ಏಷ್ಯಾದ ಒಂದು ಕಾಡಿನ ಎಂಬತ್ತರ ದಶಕದ ಸ್ಥಿತಿ ತಿಳಿಯಬೇಕೆಂದು ಹುಡುಕಿದರೆ ಎಷ್ಟೋ ಕಡೆ ಚಿತ್ರವೇ ಸಿಗುವುದಿಲ್ಲ. ಉಪಗ್ರಹ ಅದರ ಮೇಲೆ ಹಾದುಹೋಗಿತ್ತು, ಆದರೆ ಯಾರೂ ಹಣ ಕೊಟ್ಟಿರಲಿಲ್ಲ. 1992ರ ಹೊಸ ಕಾನೂನು ಕಾರ್ಯಕ್ರಮವನ್ನು ಮತ್ತೆ ಸರ್ಕಾರದ ಕೈಗೆ ತಂದಿತು. ಮರುವರ್ಷ ಅಕ್ಟೋಬರ್‌ನಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 6 ಕಕ್ಷೆಯನ್ನೇ ತಲುಪಲಿಲ್ಲ. ಮೂರು ವರ್ಷ ಬಾಳಲೆಂದು ಕಟ್ಟಿದ್ದ ಐದನೆಯ ಉಪಗ್ರಹ ಇಪ್ಪತ್ತೆಂಟು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. ಅದು ದುಡಿಯದೆ ಹೋಗಿದ್ದರೆ ಈ ದಾಖಲೆ ನಡುವೆಯೇ ಕಡಿದುಹೋಗುತ್ತಿತ್ತು. ಆ ಉಪಗ್ರಹ ಕಟ್ಟಿದವರಿಗೆ ಸಲ್ಲಬೇಕಾದ ಗೌರವ ದೊಡ್ಡದು. ಆದರೆ ಅದೃಷ್ಟವನ್ನು ನಂಬಿ ಯೋಜನೆ ಮಾಡಲು ಬರುವುದಿಲ್ಲ.

1992ರ ಕಾನೂನಿನಲ್ಲಿಯೇ ಲ್ಯಾಂಡ್‌ಸ್ಯಾಟ್ 7ರ ನಂತರ ಏನು ಎಂಬ ಪ್ರಶ್ನೆ ಇತ್ತು. ಖಾಸಗಿ ಬಂಡವಾಳ, ಅಂತರರಾಷ್ಟ್ರೀಯ ಸಹಭಾಗಿತ್ವ, ಸರ್ಕಾರದ್ದೇ ಉಪಗ್ರಹ, ಸರ್ಕಾರ ಮತ್ತು ಖಾಸಗಿಯವರ ಜಂಟಿ ಉದ್ಯಮ ಎಂಬ ದಾರಿಗಳನ್ನು ಅದು ತೂಗಿ ನೋಡಲು ಹೇಳಿತ್ತು, ಖಾಸಗಿ ವಲಯಕ್ಕೆ ಮೊದಲ ಮಣೆ ಹಾಕಿತ್ತು. ಹಾಗಾಗಿ ನಾಸಾ ಮತ್ತು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಾದ ಯುಎಸ್‌ಜಿಎಸ್ ಸೇರಿ ಮಾಡಿದ ಮೊದಲ ಪ್ರಯತ್ನ ಉಪಗ್ರಹ ಕೊಳ್ಳುವುದಾಗಿರಲಿಲ್ಲ, ದತ್ತಾಂಶ ಕೊಳ್ಳುವುದಾಗಿತ್ತು. ಕಂಪನಿಯೊಂದು ತನ್ನ ಹಣದಿಂದ ಉಪಗ್ರಹ ಕಟ್ಟಿ ಹಾರಿಸಲಿ, ತನ್ನ ವ್ಯಾಪಾರ ತಾನು ಮಾಡಿಕೊಳ್ಳಲಿ, ಸರ್ಕಾರ ಅದರಿಂದ ದಿನಕ್ಕೆ ಇಷ್ಟು ಚಿತ್ರಗಳನ್ನು ನಿಗದಿತ ಗುಣಮಟ್ಟದಲ್ಲಿ ಖರೀದಿಸುತ್ತದೆ ಎಂಬುದು ಒಪ್ಪಂದದ ಸಾರ. 2002ರಲ್ಲಿ ರಿಸೋರ್ಸ್21 ಮತ್ತು ಡಿಜಿಟಲ್‌ಗ್ಲೋಬ್ ಎಂಬ ಎರಡು ಕಂಪನಿಗಳಿಗೆ ಪ್ರಾಥಮಿಕ ಅಧ್ಯಯನದ ಗುತ್ತಿಗೆ ಕೊಟ್ಟರು. 2003ರ ಜನವರಿಯಲ್ಲಿ ಅಂತಿಮ ಟೆಂಡರ್ ಕರೆದರು.

ಈ ಪ್ರಯತ್ನದ ಬಗ್ಗೆ ಒಂದು ಒಳ್ಳೆಯ ಮಾತನ್ನು ಹೇಳಲೇಬೇಕು. ದತ್ತಾಂಶ ಕೊಳ್ಳುವುದೆಂದು ತೀರ್ಮಾನಿಸಿದ್ದರಿಂದ ಉಪಗ್ರಹದ ತೂಕ, ಕನ್ನಡಿಯ ಗಾತ್ರ, ಬ್ಯಾಟರಿಯ ಬಗೆ ಯಾವುದನ್ನೂ ಬರೆಯುವಂತಿರಲಿಲ್ಲ. ಬಳಸುವವನ ಕೈಗೆ ಬರುವ ಚಿತ್ರ ಹೇಗಿರಬೇಕು ಎಂದು ಮಾತ್ರ ಬರೆಯಬೇಕಾಯಿತು. ಯಾವ ಬಣ್ಣಗಳ ಬೆಳಕು, ಎಷ್ಟು ಸೂಕ್ಷ್ಮ, ಅಳತೆಯಲ್ಲಿ ಬೆರೆಯುವ ಗದ್ದಲ ಎಷ್ಟಿರಬಹುದು, ಒಂದು ಬ್ಯಾಂಡಿನ, ಅಂದರೆ ಒಂದು ಬಣ್ಣದ ಬೆಳಕಿನಲ್ಲಿ ತೆಗೆದ ಚಿತ್ರದ, ಪಿಕ್ಸೆಲ್ ಇನ್ನೊಂದರ ಮೇಲೆ ಎಷ್ಟು ಸರಿಯಾಗಿ ಕೂರಬೇಕು, ನಕ್ಷೆಯ ಮೇಲಿನ ಸ್ಥಾನದಲ್ಲಿ ಎಷ್ಟು ತಪ್ಪನ್ನು ಸಹಿಸಬಹುದು ಎಂಬುದನ್ನೆಲ್ಲ ವಿಜ್ಞಾನಿಗಳು ಕೂತು ಅಂಕಿಗಳಲ್ಲಿ ಹೇಳಿದರು. ಖರೀದಿ ಬಿದ್ದುಹೋದರೂ ಈ ನಿರ್ದಿಷ್ಟತೆಯ ಕೆಲಸ ಬಿದ್ದುಹೋಗಲಿಲ್ಲ. ಮುಂದೆ ಸರ್ಕಾರವೇ ಉಪಗ್ರಹ ಕಟ್ಟಿಸಿದಾಗ ಅಡಿಪಾಯವಾದದ್ದು ಇದೇ. ಯಾವುದೇ ಸಾರ್ವಜನಿಕ ಖರೀದಿಯಲ್ಲಿ ಬೇಕಾದದ್ದು ಏನೆಂದು ಸ್ಪಷ್ಟವಾಗಿ ಬರೆಯುವುದು ಅರ್ಧ ಕೆಲಸ ಎನ್ನುತ್ತೇವೆ. ಇಲ್ಲಿ ಆ ಅರ್ಧ ಕೆಲಸ ಅಚ್ಚುಕಟ್ಟಾಗಿ ನಡೆದಿತ್ತು.

ಬಿದ್ದುಹೋದದ್ದು ಹಣದ ಲೆಕ್ಕದಲ್ಲಿ. ಡಿಜಿಟಲ್‌ಗ್ಲೋಬ್ ಅಂತಿಮ ಸುತ್ತಿಗೆ ಬರಲೇ ಇಲ್ಲ. 2003ರ ಸೆಪ್ಟೆಂಬರ್‌ನಲ್ಲಿ, ಲ್ಯಾಂಡ್‌ಸ್ಯಾಟ್ 7ರ ಕನ್ನಡಿ ಕೆಟ್ಟು ನಾಲ್ಕು ತಿಂಗಳೂ ಆಗಿರದ ಹೊತ್ತಿಗೆ, ನಾಸಾ ಟೆಂಡರನ್ನೇ ರದ್ದುಗೊಳಿಸಿತು. ಸರ್ಕಾರ ಮತ್ತು ಖಾಸಗಿಯವರು ವೆಚ್ಚ ಮತ್ತು ಅಪಾಯವನ್ನು ನ್ಯಾಯವಾಗಿ ಹಂಚಿಕೊಳ್ಳಬೇಕೆಂಬ ಮೂಲ ಉದ್ದೇಶ ಈಡೇರಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ಇದರ ಹಿಂದಿನ ವಾಸ್ತವವನ್ನು ಊಹಿಸುವುದು ಕಷ್ಟವಲ್ಲ. ಮೂವತ್ತು ಮೀಟರ್ ಪಿಕ್ಸೆಲ್ಲಿನ ಚಿತ್ರದಲ್ಲಿ ಮನೆ ಕಾಣುವುದಿಲ್ಲ, ಕಾರು ಕಾಣುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಗಿರಾಕಿ ಬೇಡುವುದು ಅರ್ಧ ಮೀಟರಿನ ಚಿತ್ರವನ್ನು. ಮೂವತ್ತು ಮೀಟರಿನ ಚಿತ್ರದ ಮೌಲ್ಯವಿರುವುದು ಇಡೀ ಖಂಡವನ್ನು ದಶಕಗಳ ಕಾಲ ಒಂದೇ ಅಳತೆಗೋಲಿನಿಂದ ನೋಡುವುದರಲ್ಲಿ, ಮತ್ತು ಆ ಮೌಲ್ಯ ರೈತನಿಗೆ, ಅರಣ್ಯಾಧಿಕಾರಿಗೆ, ಜಲಸಂಪನ್ಮೂಲ ಇಲಾಖೆಗೆ, ಮುಂದಿನ ಪೀಳಿಗೆಯ ಸಂಶೋಧಕನಿಗೆ ಹಂಚಿಹೋಗುತ್ತದೆ. ಹಾಗೆ ಹಂಚಿಹೋಗುವ ಪ್ರಯೋಜನಕ್ಕೆ ಒಬ್ಬ ಗಿರಾಕಿ ಇರುವುದಿಲ್ಲ. ಸಮೀಕ್ಷೆಯ ಕಲ್ಲುಗಳನ್ನೂ ಮಳೆಮಾಪಕಗಳನ್ನೂ ಯಾವ ಕಾರಣಕ್ಕೆ ಸರ್ಕಾರ ಇಡುತ್ತದೆಯೋ ಅದೇ ಕಾರಣಕ್ಕೆ ಈ ಉಪಗ್ರಹವನ್ನೂ ಇಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಯೋಸ್ಯಾಟ್‌ನ ಅನುಭವ ಇದನ್ನು ಒಮ್ಮೆ ತೋರಿಸಿಕೊಟ್ಟಿತ್ತು. ಮತ್ತೆ ಅದೇ ಬಾಗಿಲು ತಟ್ಟಿ ಅಮೂಲ್ಯವಾದ ವರ್ಷಗಳನ್ನು ಕಳೆದರು.

ಎರಡನೆಯ ದಾರಿ ಇನ್ನೂ ವಿಚಿತ್ರವಾಗಿತ್ತು. 2004ರ ಆಗಸ್ಟ್‌ನಲ್ಲಿ ಶ್ವೇತಭವನದ ವಿಜ್ಞಾನ ಸಲಹೆಗಾರ ಜಾನ್ ಮಾರ್ಬರ್ಗರ್ ಹೊರಡಿಸಿದ ಆದೇಶಪತ್ರದಲ್ಲಿ, ಲ್ಯಾಂಡ್‌ಸ್ಯಾಟ್‌ಗೆ ಸ್ವಂತ ಉಪಗ್ರಹ ಬೇಡ, ಅದರ ಕ್ಯಾಮೆರಾವನ್ನು ಎನ್‌ಪೋಸ್ ಎಂಬ ಹವಾಮಾನ ಉಪಗ್ರಹಗಳ ಮೇಲೆ ಕೂರಿಸಿ ಎಂದು ಹೇಳಲಾಯಿತು. ಕಾಗದದ ಮೇಲೆ ಇದು ಉಳಿತಾಯದಂತೆ ಕಾಣುತ್ತದೆ, ಏಕೆಂದರೆ ಎನ್‌ಪೋಸ್ ಹೇಗೂ ಹಾರಲಿತ್ತು. ಆದರೆ ಅದು ಹಾರಬೇಕಿದ್ದದ್ದು 828 ಕಿಲೋಮೀಟರ್ ಎತ್ತರದಲ್ಲಿ, ಲ್ಯಾಂಡ್‌ಸ್ಯಾಟ್‌ನ ಕಕ್ಷೆ 705 ಕಿಲೋಮೀಟರ್. ಅದರ ಮೇಲಿನ ಬೇರೆ ಉಪಕರಣಗಳಲ್ಲಿ ಸದಾ ತಿರುಗುವ ಭಾಗಗಳಿದ್ದವು. ಆ ಅದುರಾಟದ ನಡುವೆ ನೆಲದ ಮೇಲಿನ ಮೂವತ್ತು ಮೀಟರನ್ನು ಕದಲದಂತೆ ನೋಡಬೇಕಿತ್ತು. ಅದೂ ಅಲ್ಲದೆ ಆ ಕಾರ್ಯಕ್ರಮದ ಸ್ವಂತ ವೆಚ್ಚ ಕೈಮೀರಿ ಏರುತ್ತಿತ್ತು. 2005ರ ಡಿಸೆಂಬರ್‌ನಲ್ಲಿ ಅದೇ ಕಚೇರಿ ತನ್ನ ಮಾತನ್ನು ತಿದ್ದಿ, ಲ್ಯಾಂಡ್‌ಸ್ಯಾಟ್‌ಗೆ ಸ್ವತಂತ್ರ ಉಪಗ್ರಹವೇ ಸರಿ, ನಾಸಾ ಕಟ್ಟಿಸಲಿ, ಯುಎಸ್‌ಜಿಎಸ್ ನಡೆಸಲಿ ಎಂದಿತು. ಎನ್‌ಪೋಸ್ ಕಾರ್ಯಕ್ರಮವನ್ನು 2010ರಲ್ಲಿ ವಿಸರ್ಜಿಸಲಾಯಿತು. ಕ್ಯಾಮೆರಾವನ್ನು ಅದಕ್ಕೆ ಕಟ್ಟಿಹಾಕಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಗಾಬರಿಯಾಗುತ್ತದೆ.

ಈ ನಡುವೆ ಚಿತ್ರ ಬೇಕಾದವರು ಏನು ಮಾಡುತ್ತಿದ್ದರು? ಇಲ್ಲಿ ಕಥೆ ಬೆಂಗಳೂರಿಗೆ ಬರುತ್ತದೆ. ನಾಸಾ ಟೆಂಡರ್ ರದ್ದು ಮಾಡಿದ ಮರುತಿಂಗಳು, 2003ರ ಅಕ್ಟೋಬರ್ 17ರಂದು, ಇಸ್ರೋ ಶ್ರೀಹರಿಕೋಟಾದಿಂದ ರಿಸೋರ್ಸ್‌ಸ್ಯಾಟ್ 1 ಅನ್ನು ಹಾರಿಸಿತು. ಕ್ಯಾಮೆರಾಗಳು ಅಹಮದಾಬಾದಿನವು, ಉಪಗ್ರಹ ಜೋಡಣೆಯಾದದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ, ಅಂದರೆ ಇಂದಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅದರ ಅವಿಫ್ಸ್ ಎಂಬ ಕ್ಯಾಮೆರಾ 740 ಕಿಲೋಮೀಟರ್ ಅಗಲದ ಪಟ್ಟಿಯನ್ನು 56 ಮೀಟರ್ ಸೂಕ್ಷ್ಮತೆಯಲ್ಲಿ ಹಿಡಿಯುತ್ತಿತ್ತು, ಐದು ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತಿತ್ತು. 2005ರಲ್ಲಿ ಅಮೆರಿಕದ ಸಂಸ್ಥೆಗಳು ಲ್ಯಾಂಡ್‌ಸ್ಯಾಟ್‌ನ ತೆರವನ್ನು ತುಂಬಲು ಯಾವ ದೇಶದ ಯಾವ ಉಪಗ್ರಹ ಆಗಬಹುದೆಂದು ನೋಡಲು ಒಂದು ಅಧ್ಯಯನ ತಂಡ ರಚಿಸಿದಾಗ ಮುಖ್ಯವಾಗಿ ಪರಿಗಣಿಸಿದವುಗಳಲ್ಲಿ ಇದೂ ಒಂದು. 2006ರಿಂದ ಕೆಲವು ವರ್ಷ ಅಮೆರಿಕದ ಕೃಷಿ ಇಲಾಖೆ ತನ್ನ ಬೆಳೆ ನಕ್ಷೆಗಳನ್ನು ತಯಾರಿಸಿದ್ದು ಅವಿಫ್ಸ್ ಚಿತ್ರಗಳಿಂದ. ಅಯೋವಾದ ಮೆಕ್ಕೆಜೋಳವನ್ನೂ ಸೋಯಾವನ್ನೂ ಬೇರ್ಪಡಿಸಿ ಎಣಿಸಲು ಬೆಂಗಳೂರಿನಲ್ಲಿ ಜೋಡಿಸಿದ ಉಪಗ್ರಹ ನೆರವಾಯಿತೆಂಬ ಸಂಗತಿ ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ, ತಿಳಿಯಬೇಕು. ಹೈದರಾಬಾದಿನ ಹತ್ತಿರದ ಶಾದ್‌ನಗರದ ಕೇಂದ್ರ 1979ರಿಂದ ಲ್ಯಾಂಡ್‌ಸ್ಯಾಟ್ ಸಂಕೇತಗಳನ್ನು ಹಿಡಿದು ನಮ್ಮವರಿಗೆ ಈ ವಿದ್ಯೆಯನ್ನು ಕಲಿಸಿತ್ತು. ಕಾಲು ಶತಮಾನದ ನಂತರ ನೆರವು ಹಿಂದಿರುಗಿತು.

ಆದರೂ ಅಧ್ಯಯನ ತಂಡದ ತೀರ್ಮಾನ ಸರಿಯಾಗಿತ್ತು: ಲ್ಯಾಂಡ್‌ಸ್ಯಾಟ್‌ಗೆ ಸಮನಾದ ಬದಲಿ ಎಲ್ಲೂ ಇಲ್ಲ. ರಿಸೋರ್ಸ್‌ಸ್ಯಾಟ್‌ನ 23.5 ಮೀಟರಿನ ಲಿಸ್-3 ಕ್ಯಾಮೆರಾದಲ್ಲಿ ಹಸಿರು, ಕೆಂಪು, ಸಮೀಪ ಅವಕೆಂಪು ಮತ್ತು ಒಂದು ಅಲ್ಪತರಂಗ ಅವಕೆಂಪು ಬ್ಯಾಂಡುಗಳಿದ್ದವು. ನೀಲಿ ಇರಲಿಲ್ಲ, ಶಾಖವನ್ನು ಅಳೆಯುವ ಬ್ಯಾಂಡ್ ಇರಲಿಲ್ಲ. ಭಾರತದ ಅಗತ್ಯಗಳಿಗಾಗಿ ರೂಪಿಸಿದ ಉಪಗ್ರಹ ಅದು, ಆ ಅಗತ್ಯಗಳನ್ನು ಚೆನ್ನಾಗಿ ಪೂರೈಸಿತು. ಇನ್ನೊಬ್ಬರ ದಾಖಲೆಯ ತೆರವನ್ನು ತುಂಬಲು ಅದನ್ನು ಕಟ್ಟಿರಲಿಲ್ಲ.

ಹೀಗೆ 2006ರ ಹೊತ್ತಿಗೆ ನಿಜವಾದ ಖರೀದಿ ಶುರುವಾಯಿತು, ಮತ್ತು ಶುರುವಾದ ಮೇಲೆ ಅದು ಗಟ್ಟಿಯಾಗಿ ಸಾಗಿತು. ಉಪಗ್ರಹದಲ್ಲಿ ತಯಾರಾಗಲು ಅತಿ ಹೆಚ್ಚು ಕಾಲ ಹಿಡಿಯುವುದು ಕ್ಯಾಮೆರಾ, ಆದ್ದರಿಂದ ಅದರ ಗುತ್ತಿಗೆಯನ್ನು ಮೊದಲು, 2007ರ ಜುಲೈನಲ್ಲಿ, ಬಾಲ್ ಏರೋಸ್ಪೇಸ್ ಕಂಪನಿಗೆ ಕೊಟ್ಟರು. ಅದನ್ನು ಹೊರುವ ಉಪಗ್ರಹದ ಒಡಲನ್ನು 2008ರ ಏಪ್ರಿಲ್‌ನಲ್ಲಿ ಜನರಲ್ ಡೈನಮಿಕ್ಸ್‌ನಿಂದ, ನಾಸಾದ ತ್ವರಿತ ಖರೀದಿ ವ್ಯವಸ್ಥೆಯ ಮೂಲಕ ಪಡೆದರು. ಆ ವ್ಯವಸ್ಥೆಯಲ್ಲಿ ಈಗಾಗಲೇ ಪರೀಕ್ಷಿತವಾದ ಮಾದರಿಗಳ ಪಟ್ಟಿಯಿಂದ ಆರಿಸಿ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ಅವಕಾಶವಿದೆ. ಹೊಸ ಕ್ಯಾಮೆರಾದಲ್ಲಿ ಓಡಾಡುವ ಕನ್ನಡಿ ಇರಲಿಲ್ಲ. ಹಳೆಯದರಲ್ಲಿ ಪ್ರತಿ ಬ್ಯಾಂಡಿಗೆ ಹದಿನಾರು ಸಂವೇದಕಗಳು 185 ಕಿಲೋಮೀಟರನ್ನು ಓಡಿ ಓಡಿ ನೋಡುತ್ತಿದ್ದರೆ, ಹೊಸದರಲ್ಲಿ ಪ್ರತಿ ಬ್ಯಾಂಡಿಗೆ ಸುಮಾರು 7,000 ಸಂವೇದಕಗಳು ಅಷ್ಟೂ ಅಗಲಕ್ಕೆ ಸಾಲಾಗಿ ನಿಂತು, ಪ್ರತಿಯೊಂದೂ ತನ್ನ ಕೆಳಗಿನ ನೆಲವನ್ನು ಹೆಚ್ಚು ಹೊತ್ತು ದಿಟ್ಟಿಸುತ್ತದೆ. ಹೆಚ್ಚು ಬೆಳಕು ಸಿಗುತ್ತದೆ, ಮಂದ ಬೆಳಕಿನ ನೀರು, ನೆರಳಿನ ಕಾಡು ಇವುಗಳಲ್ಲೂ ವ್ಯತ್ಯಾಸ ಕಾಣುತ್ತದೆ. ಇದನ್ನು ಕಣ್ಣುಮುಚ್ಚಿ ನಂಬಿ ಕೊಂಡದ್ದಲ್ಲ. 2000ದ ನವೆಂಬರ್‌ನಲ್ಲಿ ಹಾರಿದ ಇಒ-1 ಎಂಬ ಪ್ರಾಯೋಗಿಕ ಉಪಗ್ರಹದಲ್ಲಿ ಈ ವಿಧಾನವನ್ನು ಪರೀಕ್ಷಿಸಿ ನೋಡಿದ್ದರು. ಕಷ್ಟವೂ ಗೊತ್ತಿತ್ತು: ಏಳು ಸಾವಿರ ಸಂವೇದಕಗಳು ಏಳು ಸಾವಿರ ಬಗೆಯಾಗಿ ಅಳೆದರೆ ಚಿತ್ರದಲ್ಲಿ ಉದ್ದುದ್ದ ಗೆರೆಗಳು ಮೂಡುತ್ತವೆ. ಆದ್ದರಿಂದ ಅವೆಲ್ಲವನ್ನೂ ಒಂದಕ್ಕೊಂದು ಸರಿಹೊಂದಿಸುವ ಷರತ್ತುಗಳನ್ನು ಬಿಗಿಯಾಗಿ ಬರೆದರು.

ಷರತ್ತುಗಳಲ್ಲಿ ಎರಡು ಮೂರನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ಇವುಗಳಲ್ಲೇ ಯೋಜನೆಯ ಜೀವವಿದೆ. ನೆಲದಿಂದ ಬಂದ ಬೆಳಕಿನ ಅಳತೆಯಲ್ಲಿ ತಪ್ಪು ನೂರಕ್ಕೆ ಐದನ್ನು ಮೀರಬಾರದು. ಬೆಟ್ಟಗುಡ್ಡಗಳ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡು ತಿದ್ದಿದ ಚಿತ್ರದಲ್ಲಿ ಒಂದು ಬಿಂದುವಿನ ಸ್ಥಾನ 12 ಮೀಟರಿನೊಳಗೆ ಸರಿಯಿರಬೇಕು, ಅಂದರೆ ಅರ್ಧ ಪಿಕ್ಸೆಲ್ಲಿಗಿಂತ ಕಡಿಮೆ. ದಿನಕ್ಕೆ 400 ಚಿತ್ರಗಳು ದಾಖಲೆಗೆ ಸೇರಬೇಕು, ಕೊಳ್ಳುವವರಿದ್ದಾರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. 1985ರಲ್ಲಿ ತೆಗೆದ ಒಂದು ಹೊಲದ ಚಿತ್ರವನ್ನು 2015ರ ಚಿತ್ರದ ಮೇಲಿಟ್ಟು, ಕಾಣುವ ವ್ಯತ್ಯಾಸ ಹೊಲದ್ದೇ ಹೊರತು ಕ್ಯಾಮೆರಾದ್ದಲ್ಲ ಎಂದು ಧೈರ್ಯವಾಗಿ ಹೇಳಲು ಈ ಅಂಕಿಗಳು ಬೇಕು.

ಇಡೀ ಖರೀದಿಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಶಾಖದ ಬ್ಯಾಂಡಿನ ಪ್ರಸಂಗ. 1982ರ ಲ್ಯಾಂಡ್‌ಸ್ಯಾಟ್ 4ರಿಂದ ಎಲ್ಲದರಲ್ಲೂ ನೆಲದ ಉಷ್ಣತೆಯನ್ನು ಅಳೆಯುವ ಒಂದು ಬ್ಯಾಂಡ್ ಇತ್ತು. ಹೊಸ ಉಪಗ್ರಹದ ಅಗತ್ಯಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿದ್ದರು. ಅದಕ್ಕೆ ಬೇರೆ ಬಗೆಯ ಸಂವೇದಕ ಬೇಕು, ಆ ಸಂವೇದಕವನ್ನು ಅತಿ ತಣ್ಣಗೆ ಇಡುವ ಯಂತ್ರ ಬೇಕು, ಖರ್ಚು ಹೆಚ್ಚು. ಬಳಕೆದಾರರು ಕಡಿಮೆ ಎಂಬ ಭಾವನೆಯೂ ಇತ್ತು. ಆದರೆ ಅಮೆರಿಕದ ಪಶ್ಚಿಮದ ಒಣ ರಾಜ್ಯಗಳಲ್ಲಿ ನೀರಿನ ಲೆಕ್ಕ ಇಡುವವರು ಆ ಹೊತ್ತಿಗೆ ಈ ಬ್ಯಾಂಡಿನ ಮೇಲೆ ಒಂದು ಹೊಸ ವಿಧಾನವನ್ನೇ ಕಟ್ಟಿದ್ದರು. ಐಡಾಹೊ ರಾಜ್ಯದ ಜಲಸಂಪನ್ಮೂಲ ಇಲಾಖೆ ಮತ್ತು ಅಲ್ಲಿನ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಈ ವಿಧಾನದ ತತ್ತ್ವ ಸರಳ. ಬೆಳೆ ನೀರನ್ನು ಆವಿಯಾಗಿ ಬಿಡುವಾಗ ಶಾಖ ಕಳೆದುಕೊಂಡು ತಂಪಾಗುತ್ತದೆ. ಪಕ್ಕದ ಒಣ ಹೊಲ ಅದೇ ಬಿಸಿಲಿನಲ್ಲಿ ಕಾದಿರುತ್ತದೆ. ಎರಡರ ಉಷ್ಣತೆ ತಿಳಿದರೆ ಯಾವ ಹೊಲ ಎಷ್ಟು ನೀರು ಬಳಸಿತೆಂದು ಲೆಕ್ಕ ಹಾಕಬಹುದು, ಪ್ರತಿ ಬಾವಿಗೂ ಮೀಟರ್ ಹಾಕಬೇಕಾಗಿಲ್ಲ. ಕೃಷ್ಣಾ, ಕಾವೇರಿ ವಿವಾದಗಳ ನಡುವೆ ಬೆಳೆದ ನಮಗೆ, ಯಾರು ಎಷ್ಟು ನೀರು ಬಳಸಿದರೆಂಬುದಕ್ಕೆ ಎರಡೂ ಕಡೆಯವರು ಒಪ್ಪುವ ಅಳತೆಯೊಂದು ಇರುವುದರ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ಇಲ್ಲಿ ಪಿಕ್ಸೆಲ್ಲಿನ ಗಾತ್ರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಆ ಪ್ರದೇಶದಲ್ಲಿ ನಡುವಿನ ಕಂಬದ ಸುತ್ತ ತಿರುಗುತ್ತ ನೀರುಣಿಸುವ ದುಂಡನೆಯ ಹೊಲಗಳಿವೆ, ಒಂದೊಂದರ ಅಗಲ ಸುಮಾರು 800 ಮೀಟರ್. ಬೇರೆ ಉಪಗ್ರಹಗಳ ಒಂದು ಕಿಲೋಮೀಟರಿನ ಶಾಖದ ಪಿಕ್ಸೆಲ್ಲಿನಲ್ಲಿ ಹಸಿ ಹೊಲ, ಒಣ ಹೊಲ, ರಸ್ತೆ, ಬೀಳು ಎಲ್ಲ ಒಂದಾಗಿ ಕಲಸಿಹೋಗುತ್ತವೆ. 120 ಮೀಟರಿನ ಪಿಕ್ಸೆಲ್ ಆದರೆ ಹೊಲದ ಅಡ್ಡಕ್ಕೆ ಆರೇಳು ಪಿಕ್ಸೆಲ್ ಸಿಗುತ್ತವೆ. ಅಂಚಿನವನ್ನು ಬಿಟ್ಟರೂ ನಡುವೆ ಶುದ್ಧವಾಗಿ ಆ ಹೊಲದ್ದೇ ಆದ ಉಷ್ಣತೆ ಉಳಿಯುತ್ತದೆ. ಹೀಗಾಗಿ ಪಶ್ಚಿಮದ ರಾಜ್ಯಗಳ ನೀರಿನ ಅಧಿಕಾರಿಗಳು ಪತ್ರ ಬರೆದರು, ಸಂಸತ್ತಿನ ಮುಂದೆ ಹೋದರು, ಬಿಡದೆ ಒತ್ತಾಯಿಸಿದರು. ಕಡೆಗೆ ಹಣ ಬಂತು, ಮತ್ತು ಟಿಐಆರ್‌ಎಸ್ ಎಂಬ ಶಾಖದ ಉಪಕರಣವನ್ನು ನಾಸಾದ ಗೊಡಾರ್ಡ್ ಕೇಂದ್ರವೇ ಕಟ್ಟುವುದೆಂದಾಯಿತು. ಅದನ್ನು ಯೋಜನೆಗೆ ವಿಧ್ಯುಕ್ತವಾಗಿ ಸೇರಿಸುವ ಹೊತ್ತಿಗೆ 2009 ಮುಗಿಯುತ್ತ ಬಂದಿತ್ತು. ಮುಖ್ಯ ಕ್ಯಾಮೆರಾಗೆ ಗುತ್ತಿಗೆ ಕೊಟ್ಟು ಎರಡು ವರ್ಷಕ್ಕೂ ಮೇಲಾಗಿತ್ತು.

ತಡವಾಗಿ ಸೇರಿದ್ದಕ್ಕೆ ತೆರಬೇಕಾದದ್ದನ್ನು ತೆತ್ತರು. ಮುಖ್ಯ ಕ್ಯಾಮೆರಾವನ್ನು ಐದು ವರ್ಷದ ಆಯುಷ್ಯಕ್ಕೆ ರೂಪಿಸಿದ್ದರೆ, ಕಾಲ ಉಳಿಸಲು ಶಾಖದ ಉಪಕರಣವನ್ನು ಮೂರೇ ವರ್ಷಕ್ಕೆ ರೂಪಿಸಿದರು. ಒಂದು ಭಾಗ ಕೆಟ್ಟರೆ ಇನ್ನೊಂದು ಅದರ ಜಾಗ ಹಿಡಿಯುವ ಜೋಡಿ ವ್ಯವಸ್ಥೆಯನ್ನು ಎಲ್ಲ ಕಡೆ ಇಡಲಾಗಲಿಲ್ಲ. ಹಾರಿದ ಮೇಲೆ, ನೋಡಬೇಕಾದ ಪ್ರದೇಶದ ಹೊರಗಿನಿಂದ ಅಡ್ಡಾದಿಡ್ಡಿ ಬೆಳಕು ಸಂವೇದಕದ ಮೇಲೆ ಬೀಳುತ್ತಿರುವುದು ಪತ್ತೆಯಾಯಿತು. ಎರಡು ಶಾಖದ ಬ್ಯಾಂಡುಗಳಲ್ಲಿ ಒಂದನ್ನು ನಿಖರ ಲೆಕ್ಕಕ್ಕೆ ಬಳಸಬೇಡಿ ಎಂದು ಹೇಳಬೇಕಾಯಿತು, ಮತ್ತು ಅದನ್ನು ಗಣಿತದಿಂದ ತಿದ್ದುವ ಸೂತ್ರ ಬಳಕೆಗೆ ಬಂದದ್ದು 2017ರಲ್ಲಿ. ಆ ತಂಡ ನಾಲ್ಕೇ ವರ್ಷಗಳ ಒಳಗೆ ಹೊಸ ಬಗೆಯ ಸಂವೇದಕದ ಉಪಕರಣವನ್ನು ಕಟ್ಟಿ ಕಕ್ಷೆಗೆ ಮುಟ್ಟಿಸಿದ್ದು ಅಸಾಧಾರಣ ಸಾಧನೆ. ಅವರಿಗೆ ಇನ್ನೂ ಎರಡು ವರ್ಷ ಕೊಡಬೇಕಿತ್ತು. ಆ ಎರಡು ವರ್ಷಗಳು ಟೆಂಡರ್ ಕರೆದು ರದ್ದು ಮಾಡುವುದರಲ್ಲಿ, ಬೇರೆ ಉಪಗ್ರಹದ ಬೆನ್ನೇರುವ ಆಲೋಚನೆಯಲ್ಲಿ ಮೊದಲೇ ಖರ್ಚಾಗಿಹೋಗಿದ್ದವು.

2013ರ ಫೆಬ್ರವರಿ 11ರಂದು ಕ್ಯಾಲಿಫೋರ್ನಿಯಾದ ವಾಂಡೆನ್‌ಬರ್ಗ್‌ನಿಂದ ಅಟ್ಲಾಸ್ ರಾಕೆಟ್ ಅದನ್ನು ಹೊತ್ತೊಯ್ದಿತು. ಒಟ್ಟು ವೆಚ್ಚ ಸುಮಾರು 85 ಕೋಟಿ ಡಾಲರ್. ಮಾರ್ಚ್ ಕೊನೆಯಲ್ಲಿ ಅದು ತನ್ನ ಅಂತಿಮ ಕಕ್ಷೆಗೆ ಏರುವ ಮೊದಲು ಲ್ಯಾಂಡ್‌ಸ್ಯಾಟ್ 7ರ ಕೆಳಗೆ ಹಾರಿ, ಎರಡೂ ಒಂದೇ ಹೊತ್ತಿನಲ್ಲಿ ಒಂದೇ ನೆಲವನ್ನು ನೋಡಿದವು. ಹಳೆಯ ಅಳತೆಗೋಲಿನ ಪಕ್ಕದಲ್ಲಿ ಹೊಸದನ್ನಿಟ್ಟು ಸರಿನೋಡುವ ಈ ಕೆಲಸ ಹಳೆಯದು ಜೀವಂತವಾಗಿದ್ದರೆ ಮಾತ್ರ ಸಾಧ್ಯ. ಪಟ್ಟಿಗಳಿದ್ದರೂ ಏಳನೆಯ ಉಪಗ್ರಹ ಅಷ್ಟು ದಿನ ಉಳಿದದ್ದರಿಂದ ನಲವತ್ತು ವರ್ಷದ ದಾಖಲೆ ಒಂದೇ ಸರಪಳಿಯಾಗಿ ಉಳಿಯಿತು. ಐದನೆಯ ಉಪಗ್ರಹವನ್ನು ಅದೇ ವರ್ಷ ಜೂನ್‌ನಲ್ಲಿ ನಿವೃತ್ತಿಗೊಳಿಸಿದರು.

ಯೋಜಕರ ವಾದಕ್ಕೆ ಇದಕ್ಕೂ ಮೊದಲೇ ಬಲ ತಂದ ಇನ್ನೊಂದು ತೀರ್ಮಾನವಿತ್ತು. 2008ರಲ್ಲಿ ಯುಎಸ್‌ಜಿಎಸ್ ತನ್ನ ಸಂಗ್ರಹದ ಎಲ್ಲ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಉಚಿತವಾಗಿ ಕೊಡುವುದಾಗಿ ಘೋಷಿಸಿತು. ಹಣ ಕೊಟ್ಟು ಕೊಳ್ಳುತ್ತಿದ್ದ ಕಾಲದಲ್ಲಿ ಅತ್ಯಂತ ಹೆಚ್ಚು ಮಾರಾಟವಾದ ವರ್ಷದಲ್ಲೂ ಹೋಗಿದ್ದು ಸುಮಾರು 25,000 ಚಿತ್ರಗಳು. ಉಚಿತವಾಗಿ ಒಂದು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ದಾಟಿತು. ಬೆಂಗಳೂರಿನ ಮೇಲೆ ಹಾಯುವ 144ನೆಯ ಪಥ, 51ನೆಯ ಸಾಲಿನ ಚಿತ್ರಗಳನ್ನು ಇಳಿಸಿಕೊಂಡು ನಗರದ ಕೆರೆಗಳು ಒಂದೊಂದಾಗಿ ಕಿರಿದಾಗುವುದನ್ನು ಕಾಲೇಜು ವಿದ್ಯಾರ್ಥಿಯೊಬ್ಬ ಇಂದು ತನ್ನ ಲ್ಯಾಪ್‌ಟಾಪ್‌ನಲ್ಲಿ ಅಳೆಯಬಲ್ಲ. ಇದು ಆ ತೀರ್ಮಾನದ ಫಲ. ಬಳಸುವವರು ಲಕ್ಷಗಟ್ಟಲೆ ಇದ್ದಾರೆಂದು ತೋರಿಸಿದ ಮೇಲೆ ಮುಂದಿನ ಉಪಗ್ರಹಕ್ಕೆ ಹಣ ಕೇಳುವುದು ಸುಲಭವಾಯಿತು.

ಲ್ಯಾಂಡ್‌ಸ್ಯಾಟ್ 9 ಅದಕ್ಕೆ ಸಾಕ್ಷಿ. 2015ರಲ್ಲಿ ಆರಂಭಿಸಿ, ಎಂಟನೆಯದರ ಪಡಿಯಚ್ಚನ್ನೇ ಕಟ್ಟುವುದೆಂದು ತೀರ್ಮಾನಿಸಿ, ಶಾಖದ ಉಪಕರಣದ ಅಡ್ಡಬೆಳಕಿಗೆ ತಡೆಗಳನ್ನಿಟ್ಟು, ಅದರ ಆಯುಷ್ಯವನ್ನೂ ಐದು ವರ್ಷಕ್ಕೆ ಏರಿಸಿ, 2021ರ ಸೆಪ್ಟೆಂಬರ್ 27ರಂದು ಹಾರಿಸಿದರು. ಹೊಸತೇನೂ ಇಲ್ಲವಲ್ಲ ಎಂದು ಆಗ ಬೇಸರಪಟ್ಟವರಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಸರಣಿಯಲ್ಲಿ ಅತ್ಯಂತ ವಿವೇಕದ ಖರೀದಿ ಅದೇ. ಎಂಟು ಮತ್ತು ಒಂಬತ್ತು ಸೇರಿ ಎಂಟು ದಿನಕ್ಕೊಮ್ಮೆ ಪ್ರತಿ ನೆಲವನ್ನು ನೋಡುತ್ತಿವೆ, ಒಂದು ಕೆಟ್ಟರೂ ಇನ್ನೊಂದಿದೆ.

ಮುಂದಿನದು ಲ್ಯಾಂಡ್‌ಸ್ಯಾಟ್ ನೆಕ್ಸ್ಟ್. ಒಂದರ ಬದಲು ಮೂರು ಉಪಗ್ರಹಗಳು, ಹನ್ನೊಂದರ ಬದಲು 26 ಬ್ಯಾಂಡುಗಳು, ಮುಖ್ಯ ಬ್ಯಾಂಡುಗಳಲ್ಲಿ ಹತ್ತರಿಂದ ಇಪ್ಪತ್ತು ಮೀಟರಿನ ಪಿಕ್ಸೆಲ್, ಆರು ದಿನಕ್ಕೊಮ್ಮೆ ಮರುನೋಟ ಎಂಬುದು ಯೋಜನೆ. ಒಂದು ಕಾಲಕ್ಕೆ ಪಟ್ಟಿಯಿಂದಲೇ ಹೊರಹೋಗಿದ್ದ ಶಾಖಕ್ಕೆ ಇದರಲ್ಲಿ ಐದು ಬ್ಯಾಂಡುಗಳು. ಉಪಕರಣದ ಗುತ್ತಿಗೆ 2024ರಲ್ಲಿ ರೇಥಿಯಾನ್ ಕಂಪನಿಗೆ ಹೋಯಿತು. ಆದರೆ 2025ರ ಮೇ ತಿಂಗಳಲ್ಲಿ ಶ್ವೇತಭವನ ಮುಂದಿಟ್ಟ ಬಜೆಟ್ ಪ್ರಸ್ತಾವ, 200 ಕೋಟಿ ಡಾಲರಿನ ಈ ಯೋಜನೆ ದುಬಾರಿಯಾಯಿತು, ಇದನ್ನು ಪುನರ್ರಚಿಸಿ ಚಿತ್ರಗಳ ನಿರಂತರತೆಯನ್ನು ಕಾಯ್ದುಕೊಳ್ಳುವ ಅಗ್ಗದ ದಾರಿಗಳನ್ನು ನಾಸಾ ಹುಡುಕಲಿ ಎಂದಿತು. ಅಗ್ಗದ ದಾರಿ ಸಿಕ್ಕರೆ ಸಂತೋಷವೇ. ಮೂರರ ಬದಲು ಒಂದೇ ಉಪಗ್ರಹವಾದರೂ, ಒಂಬತ್ತನೆಯದರ ಪಡಿಯಚ್ಚೇ ಆದರೂ ನಾನು ಆಕ್ಷೇಪಿಸುವುದಿಲ್ಲ. ಆದರೆ ದಾರಿ ಹುಡುಕುವುದಕ್ಕೆ ಒಂದು ಗಡುವು ಬೇಕು. ಎಂಟನೆಯ ಉಪಗ್ರಹ ತನಗೆ ನಿಗದಿಯಾದ ಐದು ವರ್ಷವನ್ನು 2018ರಲ್ಲೇ ಮುಗಿಸಿದೆ, ಒಂಬತ್ತನೆಯದರ ಐದು ವರ್ಷ 2026ರ ಸೆಪ್ಟೆಂಬರ್‌ಗೆ ತುಂಬುತ್ತದೆ, ಮತ್ತು ಇಂದು ಸಹಿ ಹಾಕಿದ ಕ್ಯಾಮೆರಾ ನೆಲವನ್ನು ನೋಡಲು ಇನ್ನೂ ಐದಾರು ವರ್ಷ ಬೇಕು.